ಕಪಾಟಿನ ಚಿರತೆ ಮತ್ತು ಮೆಹರುನ್ನೀಸಾ ಮೇಡಂ

ಎಡಗೈಯಿಂದ ಬಲ ಮೊಣಕೈ ಹಿಡಿದು, ಬಲ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುತ್ತಾ ನಿಲ್ಲುವುದು ಮೆಹರುನ್ನೀಸಾ ಮೇಡಂ ಅವರ ಅಭ್ಯಾಸ. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲೂ ಹಾಗೆಯೇ ನಿಂತಿರುತ್ತಿದ್ದರು. ಪಾಪ, ಕೈನೋವಿರಬೇಕೆಂದು ಹೂವಿನಂಗಡಿಯಾಕೆ ಎಷ್ಟೋ ಸಲ ಯಾವುದೋ ಎಣ್ಣೆಯ ಹೆಸರು ಹೇಳಿದ್ದಳು. ಮೇಡಂ ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ತಲೆಯಾಡಿಸುತ್ತಿದ್ದರು.

ಅವರು ಚಿಂತಾಮಣಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ, ನಾನು ಅಲ್ಲೇ ಲ್ಯಾಬ್ ಸಹಾಯಕಿ. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ರೇಷ್ಮೆ ವ್ಯಾಪಾರದ ಮನೆಯಲ್ಲಿ ಹುಟ್ಟಿದ ಮೇಡಂ ಅವರ ತಲೆಯ ತುಂಬ ಇದ್ದದ್ದು ಎಂದೋ ಅಳಿದುಹೋದ, ಕೋರೆಹಲ್ಲಿನ ಒಂದು ದೊಡ್ಡ ಬೆಕ್ಕು. ಅದರ ಮುಂಗಾಲಿನ ಮೂಳೆಗಳ ಪ್ಲಾಸ್ಟರ್ ಅಚ್ಚುಗಳನ್ನು ತರಿಸಿಕೊಂಡು, ಅದು ಹೇಗೆ ನಡೆಯುತ್ತಿತ್ತು, ಹೇಗೆ ಬೇಟೆಯಾಡುತ್ತಿತ್ತು ಎಂದು ಆರು ವರ್ಷದಿಂದ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದರು.

"ನಾಯಿ ಮುಂಗಾಲು ಹೀಗೆ ತಿರುಗಲ್ಲಮ್ಮ, ಅದು ಓಡೋಕೆ ಇರೋದು. ತಿರುಗಿದ್ರೆ ಹಿಡಿಯೋ ಪ್ರಾಣಿ. ಎಷ್ಟು ಗಟ್ಟಿಯಾಗಿ ಹಿಡೀತಿತ್ತು ಅಂತ ಈ ಏಣು ನೋಡಿ ತಿಳ್ಕೋಬೇಕು," ಎಂದು ಅಂಗೈ ತಿರುಗಿಸಿ ತೋರಿಸಿ, ನನ್ನ ಬೆರಳು ಹಿಡಿದು, ಮೂಳೆಗೆ ಮಾಂಸಖಂಡ ಅಂಟಿಕೊಳ್ಳುವ ಆ ಉಬ್ಬಿನ ಏಣಿನ ಮೇಲೆ ಆಡಿಸುತ್ತಿದ್ದರು. ಹೋಲಿಸಿ ನೋಡಲು ನಮ್ಮ ಕಪಾಟಿನಲ್ಲಿದ್ದ ಚಿರತೆಯ ಮೂಳೆಗಳೇ ಗತಿ. ಚಿರತೆಯ ಏಣು ಸಣ್ಣದು, ಕೋರೆಹಲ್ಲಿನ ಬೆಕ್ಕಿನದು ಬಹಳ ದಪ್ಪ. ಆದ್ದರಿಂದ ಅದರ ಹಿಡಿತ ಚಿರತೆಯದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು ಎಂಬುದೇ ಪ್ರಬಂಧದ ತಿರುಳು.

ಪ್ರಬಂಧ ಟೈಪಾಗಿ ಬಂದ ವಾರವೇ ನಿವೃತ್ತ ಅಟೆಂಡರ್ ಮುನಿಯಪ್ಪ ಯಾವುದೋ ಕಾಗದಕ್ಕೆಂದು ಕಾಲೇಜಿಗೆ ಬಂದವರು ಲ್ಯಾಬಿಗೂ ಇಣುಕಿದರು. ಮೇಡಂ ಕ್ಲಾಸಿನಲ್ಲಿದ್ದರು. ಮುನಿಯಪ್ಪ ಕಪಾಟಿನ ಚೀಟಿ ಓದಿ ನಕ್ಕರು.

"ನಂದಿ ಕಾಡಿನ ಚಿರತೆ ಅಂತ ಯಾರಮ್ಮ ಬರ್ದೋರು? ಇದು ಗೌರಿಬಿದನೂರಲ್ಲಿ ಸತ್ತ ಸರ್ಕಸ್ ಚಿರತೆ. ಮರಿಯಿಂದ ಬೋನಲ್ಲೇ ಇತ್ತು."

ಬರೆದವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಚೀಟಿಗಳನ್ನು ಹುಳ ತಿಂದಿತ್ತು. ಈ ಕಡೆಗೆ ಚಿರತೆ ಇನ್ನೆಲ್ಲಿಂದ ಬಂದೀತೆಂದು ಯಾರನ್ನೂ ಕೇಳದೆ ನಂದಿ ಎಂದು ಗೀಚಿಬಿಟ್ಟಿದ್ದೆ. ಹತ್ತದೆ, ಹಾರದೆ ಬೋನಿನಲ್ಲೇ ಬೆಳೆದ ಪ್ರಾಣಿಯ ಏಣು ದಪ್ಪವಾಗುವುದಾದರೂ ಹೇಗೆ? ಅದರ ಜೊತೆ ಹೋಲಿಸಿದ ಮೇಡಂ ಲೆಕ್ಕವೆಲ್ಲ ತಪ್ಪಾಗಿತ್ತು.

ಎಂಟು ದಿನ ಇದನ್ನೇ ತೂಗುತ್ತಿದ್ದೆ. ಹೇಳಿದರೆ ಅವರ ಆರು ವರ್ಷ ಮಣ್ಣುಪಾಲು, ಹೇಳದಿದ್ದರೆ ನಾಳೆ ಪರೀಕ್ಷಕರ ಎದುರು ಅವರ ಮಾನ ಹೋಗುತ್ತದೆ. ನನ್ನ ಕೆಲಸ ಹೋದೀತೆಂಬ ಭಯವೂ ಇತ್ತು, ಸುಳ್ಳೇಕೆ. ಪ್ರಬಂಧ ಕಳಿಸಿದಿರಾ ಎಂದು ದಿನವೂ ಕೇಳುತ್ತಿದ್ದೆ. ಬೈಂಡಿಂಗ್‌ನವನು ಇನ್ನೂ ಕೊಟ್ಟಿಲ್ಲ ಎನ್ನುತ್ತಿದ್ದರು. ಅವನು ಇನ್ನೊಂದು ದಿನ ತಡಮಾಡಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಒಂಬತ್ತನೆಯ ದಿನ ಬಸ್ಸಿನಲ್ಲೇ ಹೇಳಿಬಿಟ್ಟೆ.

ಚಿಂತಾಮಣಿಯಲ್ಲಿ ಇಳಿದವರೇ ಮೇಡಂ ಲ್ಯಾಬಿಗೆ ಹೋಗಿ ಚಿರತೆಯ ಮೂಳೆ ತೆಗೆದು, ಏಣಿನ ಮೇಲೆ ಬಹಳ ಹೊತ್ತು ಬೆರಳಾಡಿಸಿ, ಹೊಸ ಚೀಟಿ ಬರೆಯಲು ಹೇಳಿದರು: ಸರ್ಕಸ್ ಚಿರತೆ, ಬೋನಿನಲ್ಲಿ ಬೆಳೆದದ್ದು. ಬರೆದು ಅಂಟಿಸಿದೆ. ಮೇಡಂ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಕಾಡಿನ ಚಿರತೆಯ ಮೂಳೆ ಹುಡುಕುವಷ್ಟರಲ್ಲಿ ಅವರ ಮಾರ್ಗದರ್ಶಕರು ನಿವೃತ್ತರಾದರು, ಮೇಡಂಗೂ ದೂರದ ಊರಿಗೆ ವರ್ಗವಾಯಿತು. ಪ್ರಬಂಧ ಸಲ್ಲಿಕೆಯಾಗಲೇ ಇಲ್ಲ.

ಕೊನೆಯ ಸಲ ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಶಿಡ್ಲಘಟ್ಟದ ಅವರ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಅಷ್ಟು ವರ್ಷ ಒಳಗೇ ಕೊರೆಯುತ್ತಿದ್ದ ತಪ್ಪಿಗೆ ಅಂದು ಕ್ಷಮೆ ಕೇಳಿದೆ. ಮೇಡಂ ನನ್ನ ಮೊಣಕೈ ಹಿಡಿದುಕೊಂಡರು.

"ಆ ವಾರ ನೀನು ಕಪಾಟಿನ ಮುಂದೆ ಹಾಯ್ಲೇ ಇಲ್ಲ, ಮೇಜು ಸುತ್ಕೊಂಡು ಹೋಗ್ತಿದ್ದೆ. ಚಿರತೇದೇ ಏನೋ ಇದೆ ಅಂತ ಗೊತ್ತಾಯ್ತು. ಬೈಂಡಿಂಗ್ ಯಾವಾಗ್ಲೋ ಆಗಿತ್ತಮ್ಮ, ಬ್ಯಾಗಲ್ಲೇ ಇತ್ತು. ನೀನಾಗೇ ಹೇಳ್ತೀಯ ಅಂತ ಕಾದೆ."

ಆ ವಾರವೂ, ಬಸ್ಸಿನಲ್ಲಿ ಅವರಿಗೆ ಸೀಟು ಸಿಗದ ದಿನಗಳಲ್ಲಿ ಆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವಳು ನಾನೇ.