ಘಳಿಗೆ ಮುರಿದ ಕೆಂಪವ್ವ

ಬನಹಟ್ಟಿಯ ಬಸಗೊಂಡಪ್ಪನ ಸೀರೆ ಅಂಗಡಿಯಲ್ಲಿ ಕೆಂಪವ್ವ ಇಪ್ಪತ್ತೆರಡು ವರ್ಷ ಘಳಿಗೆ ಹಾಕಿದಳು. ಮಗ್ಗದಿಂದ ಇಳಿದ ಸೀರೆಯ ಅಂಚಿಗೆ ಅಂಚು ಕೂಡಿಸಿ, ಬಿದಿರಿನ ಪಟ್ಟಿಯಿಂದ ಮಡಿಕೆಯನ್ನು ತೀಡಿ, ಸೆರಗು ಮೇಲೆ ಬರುವಂತೆ ಮಡಿಚಿಡುವುದು ಅವಳ ಕೆಲಸ. ಎಣಿಸುವಾಗ ಒಂದು ಎನ್ನುತ್ತಿರಲಿಲ್ಲ. ಆ ಕಡೆಯ ವ್ಯಾಪಾರಸ್ಥರಂತೆ ‘ಲಾಭ’ ಎಂದು ಶುರುಮಾಡಿ ಎರಡು, ಮೂರು ಎಂದು ಮುಂದೆ ಹೋಗುತ್ತಿದ್ದಳು. ಹೊಸ ಸೀರೆಯನ್ನು ಮೊದಲ ಸಲ ಉಡುವುದಕ್ಕೆ ಅಲ್ಲಿ ಘಳಿಗೆ ಮುರಿಯುವುದು ಎನ್ನುತ್ತಾರೆ. ಕೆಂಪವ್ವ ಹಾಕಿದ ಘಳಿಗೆಯನ್ನು ಮದುಮಕ್ಕಳು ಮುರಿದರು, ಸಾಲೆಯಲ್ಲಿ ಕಲಿಸುವ ಬಾಯಿಯವರು ಮುರಿದರು, ಸೊಲ್ಲಾಪುರದ ಮುಖ ಕಾಣದ ಹೆಂಗಸರು ಮುರಿದರು. ಅವಳು ಉಟ್ಟದ್ದು ಮಾತ್ರ ಎಳೆ ಜಾರಿ, ಮಾರಲು ಬಾರದೆ ಮೂಲೆ ಸೇರಿದ ಸೀರೆಗಳನ್ನು. ಅಂಥವಕ್ಕೆ ಘಳಿಗೆ ಹಾಕುವ ರೂಢಿ ಇರಲಿಲ್ಲ.

ಒಂದು ದಿನ ಜಮಖಂಡಿಯಿಂದ ಸೀರೆ ಕೊಳ್ಳಲು ಬಂದ ಮೃಣ್ಮಯಿ, ಸೀರೆ ಬಿಟ್ಟು ಅವಳ ಕೈಯನ್ನೇ ನೋಡುತ್ತ ನಿಂತಳು. ಮೂವತ್ತರ ಹೆಣ್ಣುಮಗಳು, ಅಜ್ಜನ ಮನೆಯ ಪಡಸಾಲೆಯಲ್ಲಿ ತಾಮ್ರ, ಹಿತ್ತಾಳೆಯ ಆಭರಣ ಮಾಡಿಸಿ ಕೊರಿಯರಿನಲ್ಲಿ ಊರೂರಿಗೆ ಕಳಿಸುತ್ತಿದ್ದಳು.

“ನಮ್ಮಲ್ಲಿ ಬರ್ರಿ ಕೆಂಪವ್ವ. ಡಬ್ಬಿಗೆ ಕಾಗದ ಮಡಚಿ ಹಾಕೋರು ಬೇಕಾಗ್ಯಾರ.”

ಹೋದ ಮೊದಲ ದಿನವೇ ಕೆಂಪವ್ವನ ಕೈಯಿಂದ ಕಾಗದ ಜಾರಿತು. ಪಡಸಾಲೆಯ ನಡುವೆ, ತಗಡು ಬಡಿಯುವ ಅಡಿಗಲ್ಲಿನ ಮುಂದೆ ಸದಾಶಿವ ಪತ್ತಾರ ಕೂತಿದ್ದ. ಮುಧೋಳದವನು, ಮೂರು ತಲೆಮಾರಿನ ಅಕ್ಕಸಾಲಿಗ. ಓರೆಯಾಗಿ ಕತ್ತರಿಸಿದ ತಾಮ್ರದ ತಗಡನ್ನು ಅವನು ನಡುವಿಗೆ ಮಡಿಚಿದ. ಮಡಿಕೆಯ ಬೆನ್ನಿನುದ್ದಕ್ಕೂ ಸುತ್ತಿಗೆಯಿಂದ ಸಾಲಾಗಿ ಬಡಿದ. ಬಡಿದಂತೆಲ್ಲ ತಗಡು ಕುಡುಗೋಲಿನ ಹಾಗೆ ಬಾಗಿತು. ಬೆಂಕಿಗೆ ಹಿಡಿದು, ನೀರಿಗೆ ಅದ್ದಿ, ಮೆಲ್ಲಗೆ ಬಾಯಿ ಬಿಡಿಸಿದರೆ ಒಂದು ಬೇವಿನ ಎಲೆ! ನಡುವೆ ನರ, ಎರಡೂ ಬದಿಗೆ ಬಳುಕು. ಅಚ್ಚಿಲ್ಲ, ಬೆಸುಗೆಯಿಲ್ಲ, ಬರೀ ಮಡಿಕೆ.

“ಅಯ್ಯ, ಇದೂ ಘಳಿಗೀನ ಐತಲ್ರಿ!” ಎಂದಳು ಕೆಂಪವ್ವ.

“ಹೌದವಾ,” ಎಂದ ಸದಾಶಿವ ತಲೆ ಎತ್ತದೆ. “ನಾಳೆ ಇದರ ಘಳಿಗೀನೂ ಮುರಿ, ಉಟಗೊಂಡು ಬಾ.”

ಅವನು ಊಟಕ್ಕೆ ಹೋದ ಹೊತ್ತು ನೋಡಿ ಅವಳು ಚೂರು ತಗಡನ್ನು ಮಡಿಚಿದಳು, ಬಡಿದಳು. ಬಾಗಿತು. ಎದೆ ಹಿಗ್ಗಿ, ಬೆಂಕಿಯ ನೆನಪಾಗದೆ, ಸೀರೆಯ ಮಡಿಕೆ ತೆರೆದಂತೆ ಎರಡೂ ತುದಿ ಹಿಡಿದು ತೆರೆದಳು. ಟಕ್ ಎಂದು ಮಡಿಕೆಯ ಗುಂಟ ಸೀಳಿತು. ಬಾಗಿಲಲ್ಲಿ ಸದಾಶಿವ ನಿಂತಿದ್ದ.

“ಘಳಿಗಿ ಮುರಿ ಅಂದ್ರ ಖರೇನ ಮುರಕೊಂಡ ಕುಂತಾಳ ನೋಡ್ರೀ! ಬಡದ ತಗಡು ಸಿಟ್ಟಿಗೆದ್ದಿರತೈತಿ ತಂಗಿ. ಬೆಂಕಿ ತೋರಿಸಿ ಸಮಾಧಾನ ಮಾಡಬೇಕು. ಹೋಗು, ಕಾಗದ ಮಡಚು.”

ಆ ಬೈಗುಳದಲ್ಲೇ ಪಾಠ ಇತ್ತು. ಅವಳು ಪಾಠ ಇಟ್ಟುಕೊಂಡಳು, ಬೈಗುಳವನ್ನೂ ಇಟ್ಟುಕೊಂಡಳು. ಸೀಳಿದ ಎಲೆಯನ್ನು ಮನೆಯ ಕೀಲಿಕೈಗೆ ಕಟ್ಟಿಕೊಂಡಳು.

ಮನೆಯಲ್ಲಿ ತೂತುಬಿದ್ದ ತಾಮ್ರದ ಹಂಡೆಯಿತ್ತು. ಅದನ್ನು ಕತ್ತರಿಸಿ ತಗಡು ಮಾಡಿದಳು. ತುಲಸಿಕಟ್ಟೆಯ ಪಕ್ಕದ ಕಲ್ಲೇ ಅಡಿಗಲ್ಲು, ಗ್ಯಾಸಿನ ಒಲೆಯೇ ಅಗ್ಗಿಷ್ಟಿಕೆ. ದಿನಾ ಬೆಳಿಗ್ಗೆ ಬಸ್ಸಿಗೆ ಮೊದಲು ಬಡಿತ.

“ಮಂದಿ ಮನ್ಯಾಗ ಸೊಸೆಂದಿರು ರೊಟ್ಟಿ ಬಡೀತಾರ,” ಎಂದಳು ಅತ್ತೆ ಸಿದ್ದಕ್ಕ. “ನಮ್ಮಕಿ ಹಂಡೆ ಬಡ್ಯಾಕತ್ಯಾಳ.”

“ರೊಟ್ಟಿ ಬಡಿಯೋ ಕೈನ ಐತಿ ಇದು, ಅತ್ತಿ.”

“ಹಂಗಾರ ಸುತ್ತೂ ಸಮಾ ಬಡಿ. ನಡುವ ದಪ್ಪ ಬಿಡಬ್ಯಾಡ.”

ಮೆತ್ತಗಿರುವ ತಗಡು ದಪ್ ದಪ್ ಎನ್ನುತ್ತದೆ. ಬಿಗಿತ ಬಂದಾಗ ದನಿ ತೆಳ್ಳಗಾಗಿ ಟಣ್ ಎನ್ನುತ್ತದೆ. ಮಗ್ಗಗಳ ಸದ್ದಿನಲ್ಲೇ ಎಳೆ ಕಡಿದದ್ದನ್ನು ಗುರುತಿಸುವ ಊರಿನವಳಿಗೆ ಆ ದನಿ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಟಣ್ ಎಂದೊಡನೆ ಬೆಂಕಿ. ಮಂದ ಕೆಂಪು ಬಂದೊಡನೆ ನೀರು. ಹಂಡೆಯ ತಳ ಮುಗಿಯುವ ಹೊತ್ತಿಗೆ ಒಂದೂ ಎಲೆ ಸೀಳುತ್ತಿರಲಿಲ್ಲ.

ಶ್ರಾವಣ ಕಳೆದ ಮೇಲೆ ಮೃಣ್ಮಯಿ ಎರಡನೆಯ ಅಡಿಗಲ್ಲು ತರಿಸಿದಳು. ಅದರ ಮುಂದೆ ಸದಾಶಿವ ಆಗಲೇ ಸುತ್ತಿಗೆ, ಇಕ್ಕಳ ತುಂಬಿದ ಒಂದು ಚೀಲ ಇಟ್ಟಿದ್ದ. “ನನ್ನ ಅಳಿಯನ ಹತ್ಯಾರ. ಸೋಮವಾರ ಬರ್ತಾನ.”

ಕೆಂಪವ್ವ ಡಬ್ಬಿಗಳನ್ನು ಕೆಳಗಿಟ್ಟು ಮೃಣ್ಮಯಿಯತ್ತ ತಿರುಗಿದಳು. “ಅಕ್ಕಾರ, ಆ ಜಾಗಾ ನನಗ ಬೇಕ್ರಿ.”

ಸದಾಶಿವ ನಕ್ಕ. “ಒಂದ ಎಲಿ ಯಾರರ ಬಡೀತಾರ. ಕಿವಿಯೋಲೆ ಅಂದ್ರ ಜೋಡಿ. ಒಂದರಂಗ ಇನ್ನೊಂದು ಬರಬೇಕು. ಅದು ಕುಲಕಸಬು, ಕಾಗದ ಮಡಚಿದಂಗಲ್ಲ.”

ಮೃಣ್ಮಯಿ ಇಬ್ಬರನ್ನೂ ನೋಡಿದಳು. “ಶನಿವಾರ ಜೋಡಿ ಮಾಡಿ ತೋರಸ್ರಿ ಕೆಂಪವ್ವ. ಬಂದ್ರ ಜಾಗಾ ನಿಮ್ಮದು.”

ಶನಿವಾರ ಮಧ್ಯಾಹ್ನ ಮೃಣ್ಮಯಿಯ ಎದುರಿಗೇ ಕೆಂಪವ್ವ ಅಳಿಯನ ಚೀಲವನ್ನು ಗೋಡೆಗೆ ಸರಿಸಿ, ಸೆರಗು ಬಿಗಿದು ಕೂತಳು. ಮೊದಲ ಎಲೆಗೆ ಬುಡದಿಂದ ತುದಿಗೆ ಎಷ್ಟು ಏಟು ಎಂದು ಎಣಿಸಿಟ್ಟುಕೊಂಡಳು. ಎರಡನೆಯದಕ್ಕೂ ಅಷ್ಟೇ ಏಟು, ಅಷ್ಟೇ ಅಂತರ. ಸಾವಿರಾರು ಸೀರೆಗಳನ್ನು ಒಂದೇ ಅಳತೆಗೆ ಕೂಡಿಸಿದ ಕೈಗೆ ಬೇರೆ ಗುಟ್ಟು ಬೇಕಿರಲಿಲ್ಲ. “ಲಾಭ… ಎರಡು… ಮೂರು…”

ಊಟ ಮುಗಿಸಿ ಬಂದ ಸದಾಶಿವನ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಗೆ ಒರಗಿದ ಚೀಲ. “ಯಾರನ್ನ ಕೇಳಿ ಇದನ್ನ ಮುಟ್ಟಿದಿ?”

“ಐದು… ಆರು…”

“ಏಳು!” ಎಂದು ಗುಡುಗಿದ.

ಸುತ್ತಿಗೆ ಬಿತ್ತು. “ಎಂಟು,” ಎಂದಳು ಕೆಂಪವ್ವ.

ಮೃಣ್ಮಯಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಸದಾಶಿವನಿಗೆ ಅರ್ಥವಾಗಲು ಹನ್ನೊಂದರವರೆಗೂ ಬೇಕಾಯಿತು.

ಇಪ್ಪತ್ತೊಂದಕ್ಕೆ ದನಿ ತೆಳ್ಳಗಾಯಿತು. ಇಕ್ಕಳದಲ್ಲಿ ಎರಡೂ ಎಲೆಗಳನ್ನು ಒಂದಾದ ಮೇಲೊಂದು ಬೆಂಕಿಗೆ ಹಿಡಿದು ನೀರಿಗೆ ಬಿಟ್ಟಳು. ಛಸ್ ಎಂದು ಉಗಿ ಎದ್ದಿತು. ಸದಾಶಿವ ಕೈ ಚಾಚಿದ. ದನಿಯಲ್ಲಿ ಸಿಟ್ಟು ಇಳಿದಿತ್ತು, ದೊಡ್ಡಸ್ತಿಕೆ ಇಳಿದಿರಲಿಲ್ಲ.

“ಕೊಡು ಇಲ್ಲಿ. ಬಾಯಿ ಬಿಡಸೋದು ನಾಜೂಕ ಕೆಲಸ. ಅದನ್ನ ನಾ ಮಾಡಿಕೊಡ್ತೀನಿ.”

“ಬ್ಯಾಡ್ರಿ,” ಎಂದಳು ಕೆಂಪವ್ವ. “ಇಪ್ಪತ್ತೆರಡು ವರ್ಷ ನಾ ಹಾಕಿದ ಘಳಿಗಿ ಮಂದಿ ಮುರದಾರ. ಇದನ್ನ ನಾನ ಮುರೀತೀನಿ.”

ಅವಳು ಸೊಂಟದಿಂದ ಬಿದಿರಿನ ಹಳೆಯ ಪಟ್ಟಿ ತೆಗೆದಳು. ಚಾಕುವಿನಂತೆ ಅದು ಗೀರುವುದಿಲ್ಲ. ಮಡಿಕೆಯ ತುಟಿಯಲ್ಲಿ ಅದನ್ನು ತೂರಿಸಿ, ಅವಸರವಿಲ್ಲದೆ ಬುಡದಿಂದ ತುದಿಗೆ ನಡೆಸಿದಳು. ತಾಮ್ರ ಅಗಲಿತು. ಸೀಳಲಿಲ್ಲ. ಇನ್ನೊಂದೂ ಅಗಲಿತು.

ಸದಾಶಿವ ತನ್ನ ತಕ್ಕಡಿ ತಂದ. ಎರಡು ತಟ್ಟೆಗೆ ಎರಡು ಎಲೆ. ಮುಳ್ಳು ಆಡಿತು, ನಿಂತಿತು. ಅವನು ಬಗ್ಗಿ ನೋಡಿದ.

“ಅರ್ಧ ಗುಂಜಿ ಹೆಚ್ಚುಕಡಿಮಿ ಐತಿ.”

“ನನ್ನ ಕಿವೀನೂ ಒಂದು ಸಣ್ಣದೈತ್ರಿ.”

ಕೊಕ್ಕೆ ಸಿಕ್ಕಿಸಿ, ಅಲ್ಲೇ ಕೂತು, ಎರಡನ್ನೂ ಕಿವಿಗೆ ಹಾಕಿಕೊಂಡಳು.

“ಕೆಂಪವ್ವ, ಅವು ಮಾರೂವು!” ಎಂದಳು ಮೃಣ್ಮಯಿ.

“ಮುಂದಿನ ಜೋಡಿ ಮಾರ್ರಿ.”

ಸದಾಶಿವ ಗೋಡೆಯ ಬಳಿಗೆ ಹೋಗಿ ಅಳಿಯನ ಚೀಲ ಎತ್ತಿಕೊಂಡು, ತನ್ನ ಅಂಗಿ ತೂಗುವ ಗೂಟಕ್ಕೆ ಹಾಕಿದ. “ಸುತ್ತಿಗಿ ಇನ್ನಷ್ಟು ಹಿಂದ ಹಿಡಿ,” ಎಂದ. “ಮಣಿಕಟ್ಟು ನೋಯ್ತೈತಿ.”

ಕೆಂಪವ್ವ ಹಿಂದೆ ಹಿಡಿದಳು. ಹೊಸ ತಗಡೊಂದನ್ನು ಮಡಿಚಿ ಅಡಿಗಲ್ಲಿನ ಮೇಲಿಟ್ಟಳು.

“ಲಾಭ,” ಎಂದಳು.