ದಯೆ ಇಲ್ಲದ ಆಟ ಬೇಕು

ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನ ಅಹಲ್ಯಾ ಇಪ್ಪತ್ತೈದು ವರ್ಷದಿಂದ ಸ್ಟೆನೋ. ಸಾಹೇಬರು ಬಾಯಿ ಮುಚ್ಚುವಷ್ಟರಲ್ಲಿ ಅವಳ ಬರಹವೂ ಮುಗಿದಿರುತ್ತಿತ್ತು. ಅಂಥ ಬಲಗೈ ಸ್ಟ್ರೋಕ್ ಹೊಡೆದು ಬಿದ್ದುಹೋಯಿತು. ಆರು ತಿಂಗಳೊಳಗೆ ಬಂದಷ್ಟು ಚೇತರಿಕೆ ಆಮೇಲೆ ಬರುವುದು ಕಷ್ಟ ಎಂದು ಫಿಸಿಯೋಥೆರಪಿಸ್ಟ್ ಪದ್ಮಾ ಹೇಳಿದ್ದರು. ಈಗ ಐದನೆಯ ತಿಂಗಳು ನಡೆದಿತ್ತು. ರಬ್ಬರ್ ಚೆಂಡು ಹಿಸುಕಿ ರೋಸಿಹೋದವಳಿಗೆ ಒಂದು ದಿನ ಮಗಳು ಕೃತಿಯ ವಿಡಿಯೋ ಗೇಮ್ ಕಣ್ಣಿಗೆ ಬಿತ್ತು. ಅದರ ಕಂಟ್ರೋಲರ್ ಹಿಡಿದರೆ ಹೊಡೆಯುವ ಬಟನ್‌ಗಳೆಲ್ಲ ಬಲ ಹೆಬ್ಬೆರಳಿನ ಕೆಳಗೇ ಬರುತ್ತಿದ್ದವು.

ಬೆರಳಿಗೆ ಇದೇ ವ್ಯಾಯಾಮವೆಂದು ಗೇಮ್ ಅಂಗಡಿಗೆ ಹೋದಳು. ಅಂಗಡಿಯವನು ಹೊಡೆದಾಟದ ಆಟಗಳನ್ನೆಲ್ಲ ಮುಂದೆ ಹರಡಿ, ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಿದರೇ ಮಜಾ ಎಂದ. ಮಜಾ ಯಾರಿಗೆ ಬೇಕಿತ್ತು!

"ನಾನೊಬ್ಬಳೇ ಆಡೋದು ಭಯ್ಯಾ. ನಿಧಾನ ಆದ್ರೆ ಬೈಯೋರು ಇರಬಾರದು."

ಅವನು ಉದ್ದನೆಯ ಕಥೆಯಿದ್ದ ಒಂದನ್ನು ಆರಿಸಿಕೊಟ್ಟ. ಅದರಲ್ಲಿ ಎದುರಾಳಿಗಳೆಲ್ಲ ಕಂಪ್ಯೂಟರಿನವರೇ. ಹದಿನೆಂಟು ದಿನಕ್ಕೆ ಅಹಲ್ಯಾ ಕೊನೆಯ ಎದುರಾಳಿಯಾದ ಕೋಡಿನ ದೈತ್ಯನನ್ನೂ ಮಣ್ಣುಮುಕ್ಕಿಸಿದಳು. ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮರುದಿನ ಪದ್ಮಾ ಅವಳ ಕೈಯನ್ನು ಮೇಜಿನ ಮೇಲಿಟ್ಟು, "ಎಲ್ಲಿ, ಹೆಬ್ಬೆರಳು ಎತ್ತಿ" ಅಂದರು. ಹೆಬ್ಬೆರಳು ಮಿಸುಕಲಿಲ್ಲ.

ಮನೆಗೆ ಬಂದು ಕೃತಿ ಆಟದ ಸೆಟ್ಟಿಂಗ್ ತೆಗೆದು ನೋಡಿದಳು.

"ಅಮ್ಮಾ, ಇದ್ರಲ್ಲಿ ಆಟೋ ಆನ್ ಇದೆ. ಬಟನ್ ಮೇಲೆ ಕೈ ಇಟ್ರೆ ಸಾಕು, ಬಾಕಿ ಸಬ್ ಗೇಮೇ ಮಾಡತ್ತೆ."

ಸತ್ತ ಕೈಯ ಭಾರಕ್ಕೆ ಬಟನ್ ಒತ್ತಿಕೊಂಡೇ ಇತ್ತು, ಇವಳು ಗೆಲ್ಲುತ್ತಲೇ ಇದ್ದಳು. ಉಳಿದಿದ್ದ ಸ್ವಲ್ಪ ದಿನಗಳಲ್ಲಿ ಹದಿನೆಂಟು ದಿನ ನೀರುಪಾಲು. ಅಹಲ್ಯಾಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಸಂಜೆಯೇ ಅಂಗಡಿಗೆ ಹೋಗಿ ಡಿಸ್ಕ್ ಕೌಂಟರ್ ಮೇಲಿಟ್ಟಳು. "ದಯೆ ಇಲ್ಲದ್ದು ಕೊಡಿ ಭಯ್ಯಾ. ಒಂದು ಬೆರಳಿನ ಸಹಾಯವನ್ನೂ ಮಾಡಬಾರದು." ಅವನು ಒಳಗೆ ಹುಡುಕಿ ಒಂದು ಹಳೆಯ ಆಟ ತಂದುಕೊಟ್ಟ. ಅದರಲ್ಲಿ ಒಂದೊಂದು ಏಟಿಗೂ ಬಟನ್ ಬಿಟ್ಟು ಮತ್ತೆ ಒತ್ತಬೇಕು.

ಮೊದಲನೇ ಎದುರಾಳಿ ಒಬ್ಬ ಬಡಕಲ. ಅವನೇ ಅವಳನ್ನು ಹನ್ನೊಂದು ಸಲ ಕೆಡವಿದ.

"ಸುಲಭದ್ದೇ ಹಾಕ್ಲಾ ಅಮ್ಮಾ?"

"ಬೇಡ."

ಹನ್ನೆರಡನೇ ಸಲವೂ ಸೋತಳು. ಆದರೆ ಬೀಳುವ ಮೊದಲು ಅವಳ ಕಡೆಯವನು ಒಂದೇ ಒಂದು ಗುದ್ದು ಕೊಟ್ಟಿದ್ದ. ಬಟನ್ ಒತ್ತಿದ್ದು ಹೆಬ್ಬೆರಳೋ, ಕೈ ಜಾರಿ ತಗುಲಿತೋ ಅವಳಿಗೇ ತಿಳಿಯಲಿಲ್ಲ. ಕೃತಿ ಪಕ್ಕದಲ್ಲೇ ಕೂತು ಅವಳ ಕೈಯನ್ನೇ ನೋಡುತ್ತಿದ್ದಳು. ಕೇಳಿದ್ದರೆ ಹೇಳುತ್ತಿದ್ದಳು. ಅಹಲ್ಯಾ ಕೇಳಲಿಲ್ಲ.