ನೀರೊಳಗಿನ ಎಂಜಲು

ನಮ್ಮ ಮನೆಯಲ್ಲಿ ಚೊಂಬನ್ನು ಕಚ್ಚಿ ನೀರು ಕುಡಿದವರಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಎತ್ತಿ ಕುಡಿಯಬೇಕು. ಮೊಮ್ಮಗಳಿಗೆ ಅದನ್ನು ಕಲಿಸಿದವಳು ನಾನು. ಅವಳ ಅಪ್ಪ ಅಮ್ಮ ಇಬ್ಬರೂ ದೊಡ್ಡಬಳ್ಳಾಪುರದ ಫ್ಯಾಕ್ಟರಿಗೆ ಹೋಗುತ್ತಿದ್ದರು, ಹುಡುಗಿ ನನ್ನ ಕೈಯಲ್ಲೇ ಬೆಳೆದಳು. ಮೊದಮೊದಲು ನೀರೆಲ್ಲ ಮೂಗಿಗೆ ಹೋಗಿ ಕೆಮ್ಮುತ್ತಿದ್ದಳು, ಫ್ರಾಕು ತೊಪ್ಪೆಯಾಗುತ್ತಿತ್ತು. ನಾನು ಬಿಡಲಿಲ್ಲ. ತುಟಿ ತಾಗಿತೋ, ಹುಣಸೆಹಣ್ಣು ಹಾಕಿ ಚೊಂಬು ತೊಳೆಯಬೇಕು. ಗೆಳತಿ ಕಚ್ಚಿದ ಸೀಬೆಹಣ್ಣನ್ನು ಕೂಡ ಅವಳು ಹಾಗೇ ತಿಂದವಳಲ್ಲ. ಬಟ್ಟೆಯೊಳಗಿಟ್ಟು ಕಚ್ಚಿ ಕಾಗೆ ಎಂಜಲು ಮಾಡಿಕೊಟ್ಟರೆ ಮಾತ್ರ ತಿನ್ನುತ್ತಿದ್ದಳು.

ಅದೇ ಹುಡುಗಿ ಈಗ ಸಮುದ್ರದೊಳಗೆ ಮುಳುಗುವ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಬಂದವರಿಗೆಲ್ಲ ನಗುತ್ತಾ ಬೀಗದ ಕೈ ಕೊಡುವ ಕೆಲಸದಲ್ಲಿದ್ದಳು. ಒಂದು ಸಲ ಕರಾವಳಿಗೆ ಪ್ರವಾಸ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನು ನೋಡಿ ಬಂದವಳಿಗೆ ಬೇರೇನೂ ರುಚಿಸಲಿಲ್ಲ. ಅಲ್ಲಿಯವರು ಕೆಲಸ ಕೊಡುತ್ತೇವೆ, ಆದರೆ ತರಬೇತಿ ಮುಗಿಸಿದ ಕಾರ್ಡು ತರಬೇಕು ಎಂದಿದ್ದರು. ಇವಳು ಹೋಟೆಲಿಗೆ ರಾಜೀನಾಮೆಯನ್ನೂ ಕೊಟ್ಟುಬಿಟ್ಟಳು.

ತರಬೇತಿ ಭಾನುವಾರಗಳಂದು, ದೇವನಹಳ್ಳಿ ಕಡೆಯ ಒಂದು ಆಳವಾದ ಈಜುಕೊಳದಲ್ಲಿ. ಕೋಡುಬಳೆ ಡಬ್ಬಿ ಹಿಡಿದು ನಾನೂ ಹೋಗುತ್ತಿದ್ದೆ. ಕಾವಲಿಗೆ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಅಷ್ಟು ಒಳ್ಳೆಯ ತಮಾಷೆ ನಮ್ಮೂರಲ್ಲಿ ಸಿಗುವುದಿಲ್ಲ. ದೊಡ್ಡ ದೊಡ್ಡ ಗಂಡಸರು ಕಾಲಿಗೆ ಬಾತುಕೋಳಿ ಪಾದ ತೊಟ್ಟು ಹಿಂದುಹಿಂದಕ್ಕೆ ನಡೆಯುತ್ತಾರೆ.

ಸಿಲಿಂಡರಿನಿಂದ ಒಂದು ಕೊಳವೆ ಬರುತ್ತದೆ. ಅದರ ತುದಿಯಲ್ಲಿ ಅಂಗೈಯಗಲದ ಡಬ್ಬಿ, ಡಬ್ಬಿಗೆ ರಬ್ಬರಿನ ಬಾಯಿ. ಅದರಲ್ಲಿರುವ ಎರಡು ಪುಟ್ಟ ತುಂಡುಗಳನ್ನು ಹಲ್ಲಿನಲ್ಲಿ ಕಚ್ಚಿ, ಸುತ್ತ ತುಟಿ ಬಿಗಿಯಾಗಿ ಮುಚ್ಚಬೇಕು. ಸಾಮಾನ್ಯವಾಗಿ ಜೊತೆಯವರಿಗೆ ಕೊಡಲೆಂದೇ ಹಳದಿ ಕೊಳವೆಯ ಇನ್ನೊಂದು ಡಬ್ಬಿ ಇರುತ್ತದೆ. ಅದೂ ಕೈಕೊಟ್ಟರೆ? ಆಗ ಒಂದೇ ರಬ್ಬರ್ ಬಾಯಿ, ಇಬ್ಬರು ಮನುಷ್ಯರು. ನಿನಗೆ ಎರಡು ಉಸಿರು, ನನಗೆ ಎರಡು ಉಸಿರು, ಒಬ್ಬರ ಸಿಲಿಂಡರಿನ ಭುಜಪಟ್ಟಿ ಒಬ್ಬರು ಹಿಡಿದು ನಿಧಾನಕ್ಕೆ ಮೇಲೆ ಬರಬೇಕು. ಕೊನೆಯ ಪಾಠ ಇದು.

ಮೊಮ್ಮಗಳ ಜೋಡಿಯಾಗಿ ಬಂದವರು ಹೊಸಕೋಟೆಯ ಕಡೆಯ ದಪ್ಪ ಮೀಸೆಯ ಗೃಹಸ್ಥ. ತಿಳಿನೀರಿನಲ್ಲಿ ಎಲ್ಲವೂ ಮೇಲಿನಿಂದಲೇ ಕಾಣುತ್ತಿತ್ತು. ಅವರು ಎರಡು ಉಸಿರೆಳೆದು ತಮ್ಮ ಬಾಯಿಂದ ತೆಗೆದು ಕೊಟ್ಟರು. ಇವಳು ಇಸಿದುಕೊಂಡು ಬಾಯಿಗಿಡಲಿಲ್ಲ. ಅತ್ತ ಇತ್ತ ಆಡಿಸಿದಳು, ಹೆಬ್ಬೆರಳಿನಲ್ಲಿ ಉಜ್ಜಿದಳು, ಮತ್ತೆ ಆಡಿಸಿದಳು. ಆಮೇಲೆ ಕಚ್ಚಿದಳು. ಅಷ್ಟರಲ್ಲಿ ಮೀಸೆಯವರು ತಮ್ಮ ಸರದಿಗೆ ಕಾದು ಕಾದು, ಕೈ ಬಡಿಯುತ್ತಾ ಒಬ್ಬರೇ ಮೇಲಕ್ಕೆ ನುಗ್ಗಿದರು.

"ಏನ್ ಮಾಡ್ತಿದ್ದೆಮ್ಮಾ ಕೆಳಗೆ?" ಎಂದು ತರಬೇತಿಯ ಮೇಷ್ಟ್ರು ಕೇಳಿದರು.

"ಏನಿಲ್ಲ ಸರ್, ಸ್ವಲ್ಪ ಅಲ್ಲಾಡಿಸ್ದೆ."

"ಅಲ್ಲಾಡಿಸ್ಲಿಲ್ಲ, ತೊಳೆದೆ. ನೀರೊಳಗೆ ನಿಂತ್ಕೊಂಡು, ಅದೇ ನೀರಲ್ಲಿ ತೊಳೀತೀಯಲ್ಲಮ್ಮಾ! ಎಂಥ ಹೆಣ್ಮಗಳು ನೀನು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೀಸೆಯವರು ಮಾತ್ರ ನಗಲಿಲ್ಲ. ಎರಡನೇ ಸಲ ಅವಳು ತೊಳೆಯಲಿಲ್ಲ, ಆದರೆ ತುಟಿಯನ್ನೇ ಮುಚ್ಚಲಿಲ್ಲ. ಎತ್ತಿ ಕುಡಿಯುವವಳ ಹಾಗೆ ಬಾಯಿ ತೆರೆದೇ ಇಟ್ಟಳು. ಕೊಳದ ನೀರು ಕುಡಿದು, ಕಣ್ಣು ಕೆಂಪಾಗಿ ಮೇಲೆ ಬಂದಳು.

ಮೇಷ್ಟ್ರು ಆಗ ತಮಾಷೆ ಬಿಟ್ಟರು. "ಮುಂದಿನ ವಾರ ಇನ್ನೊಂದು ಸಲ ನೋಡ್ತೀನಿ. ಅವತ್ತೂ ಆಗ್ಲಿಲ್ಲ ಅಂದ್ರೆ ಕಾರ್ಡ್ ಕೊಡಲ್ಲ ಕಣಮ್ಮ. ನೀನು ತೊಳೀತಾ ನಿಂತ್ರೆ ಪಕ್ಕದೋನಿಗೆ ಉಸಿರಿಲ್ಲ."

ಮೀಸೆಯವರು ಟವೆಲ್ ಹೊದ್ದು ದೂರ ಕೂತಿದ್ದರು. ಕೋಡುಬಳೆ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡರು, ತಿನ್ನಲಿಲ್ಲ.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿದ್ದಳು. "ಹೋಟ್ಲು ಕೆಲಸಾನೂ ಬಿಟ್ಟೆ. ಇದೂ ಹೋಯ್ತು ಅಂದ್ಕೋ. ಕೈ ತಾನಾಗೇ ಹೋಗುತ್ತೆ ಅಜ್ಜಿ, ನಾನೇನ್ಮಾಡ್ಲಿ?"

"ಆ ಕೈಗೆ ಎರಡು ಬಿಡ್ಲಾ?"

"ಕಲಿಸ್ದೋಳು ನೀನು. ನಿನ್ನ ಕೈಗೇ ಬಿಟ್ಕೋ."

ಮಾತು ನಾಟಿತು. ಕಲಿಸಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಯಾರ್ಯಾರ ಬಾಯಲ್ಲಿ ಏನೇನಿರುತ್ತದೋ! ಆದರೆ ಅವಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ನಾನು ಹಾಕಿದ ಗಂಟನ್ನು ಈಜುಕೊಳದ ಮೇಷ್ಟ್ರು ಹೇಗೆ ಬಿಚ್ಚಿಯಾರು?

ಅಭ್ಯಾಸಕ್ಕಿರಲಿ ಎಂದು ಅವರು ಹಳೆಯದೊಂದು ರಬ್ಬರ್ ಬಾಯಿ ಕೊಟ್ಟು ಕಳಿಸಿದ್ದರು. ತೋಟಕ್ಕೆ ಹನಿ ನೀರು ಬಿಡುವ ಪೈಪಿನ ಮೊಳದುದ್ದದ ತುಂಡನ್ನು ಅದಕ್ಕೆ ಸಿಕ್ಕಿಸಿ, ಸೈಕಲ್ ಟ್ಯೂಬು ಸುತ್ತಿ ಬಿಗಿದೆ. ಹಿತ್ತಲಲ್ಲಿ ದನ ನೀರು ಕುಡಿಯುವ ಸಿಮೆಂಟ್ ತೊಟ್ಟಿಯಿದೆ. ಅದನ್ನು ತಿಕ್ಕಿಸಿ ಹೊಸ ನೀರು ಬಿಡಿಸಿದೆ. ಮುಖ ಅದ್ದಿ, ಪೈಪಿನ ತುದಿ ಮೇಲೆ ನಿಲ್ಲಿಸಿದರೆ ಉಸಿರಾಡಬಹುದು. ಆಳಕ್ಕೆ ಇದು ಆಗಿಬರುವುದಿಲ್ಲ, ನಮ್ಮ ಪಾಠಕ್ಕೆ ಸಾಕು.

ಸೆರಗು ಸಿಕ್ಕಿಸಿ, ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿಕೊಂಡೆ. ಹಲ್ಲಿನ ಸೆಟ್ ತೆಗೆದು ತೊಟ್ಟಿಯ ಕಟ್ಟೆಯ ಮೇಲಿಟ್ಟೆ. ಅವಳು ಹೊಟ್ಟೆ ಹಿಡಿದು ನಕ್ಕಳು.

"ಅಜ್ಜಿ, ಫೋಟೊ ತೆಗೀತೀನಿ ಇರು."

"ತೆಗೆದ್ರೆ ಫೋನು ತೊಟ್ಟಿಗೆ ಹಾಕ್ತೀನಿ. ಬಾ ಇಲ್ಲಿ."

ಮುಖ ಅದ್ದಿದೆ. ಒಸಡಿನಲ್ಲೇ ರಬ್ಬರ್ ಕಚ್ಚಿ ಎರಡು ಉಸಿರೆಳೆದು ಅವಳಿಗೆ ಕೊಟ್ಟೆ. ಬೆಳಿಗ್ಗೆಯಿಂದ ನಾನು ಹಾಕಿಕೊಂಡಿದ್ದ ಎಲೆಅಡಿಕೆಯ ಕೆಂಪು ಅದಕ್ಕೆ ಹತ್ತಿತ್ತು. ಬೇಕೆಂದೇ ಬಾಯಿ ಮುಕ್ಕಳಿಸಿರಲಿಲ್ಲ.

ಅವಳು ತಲೆ ಎತ್ತಿಬಿಟ್ಟಳು. "ಥೂ! ಹೋಗಜ್ಜಿ! ಕಾಗೆ ಎಂಜಲು ಮಾಡ್ಕೊಳ್ಳಾ?"

"ಬಟ್ಟೆ ಸುತ್ತಿದ್ರೆ ಉಸಿರು ಬರುತ್ತೇನೇ? ಅಷ್ಟು ದಿನ ನಿನ್ನ ಮೂಗು ಸೀಟಿದೀನಿ, ನನ್ನ ಬಾಯಿ ಕಂಡ್ರೆ ಥೂ ಅಂತೀಯಾ? ಮುಳುಗು."

ಮತ್ತೆ ಮುಳುಗಿದೆವು. ಕೊಟ್ಟೆ. ನೀರಿನಲ್ಲಿ ಕಣ್ಣು ಬಿಟ್ಟು ನೋಡಿದರೆ ಅದೇ ಕೆಲಸ, ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದಾಳೆ! ನನಗೂ ಹಟ ಬಂತು. ಏನೇ ಆದರೂ ತಲೆ ಎತ್ತುವುದಿಲ್ಲ, ಅವಳು ಕೊಟ್ಟ ಮೇಲೇ ಉಸಿರು ಎಂದುಕೊಂಡೆ. ಉಸಿರನ್ನು ಸ್ವಲ್ಪ ಸ್ವಲ್ಪವೇ ಗುಳ್ಳೆಯಾಗಿ ಬಿಟ್ಟೆ. ಗುಳ್ಳೆ ಮುಗಿಯಿತು. ಎದೆ ಬಡಿದುಕೊಳ್ಳತೊಡಗಿತು, ಕಿವಿಯಲ್ಲಿ ಗುಂಯ್ ಎಂದಿತು. ಆಗ ನಿಜವಾಗಿ ಹೆದರಿದೆ. ಈಜುಕೊಳದಲ್ಲಿ ಆ ಮನುಷ್ಯ ಕೈ ಬಡಿದದ್ದು ಯಾಕೆಂದು ಗೊತ್ತಾಯಿತು. ಅವತ್ತು ನಾನು ನಕ್ಕಿದ್ದೆನಲ್ಲ!

ನನ್ನ ಕೈ ತಾನಾಗಿ ಅವಳ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಅವಳು ತಿರುಗಿ ನೋಡಿದಳು. ಮರುಕ್ಷಣ ರಬ್ಬರ್ ನನ್ನ ಬಾಯೊಳಗಿತ್ತು. ಊದಿ ನೀರು ತಳ್ಳಿ ಉಸಿರೆಳೆದೆ. ಎರಡಾದ ಮೇಲೆ ಕೊಟ್ಟೆ. ಅವಳು ಹಾಗೇ ಇಸಿದುಕೊಂಡು, ಹಾಗೇ ಕಚ್ಚಿ, ಹಾಗೇ ವಾಪಸು ಕೊಟ್ಟಳು. ಎಲೆಅಡಿಕೆಯ ಯೋಚನೆಯೂ ಇಲ್ಲ, ಥೂ ಎನ್ನುವುದೂ ಇಲ್ಲ. ಕಣ್ಣನ್ನು ನನ್ನ ಮುಖದಿಂದ ತೆಗೆಯಲೇ ಇಲ್ಲ.

ಮೇಲೆದ್ದ ಮೇಲೆ ಬೈಗುಳದ ಸುರಿಮಳೆ. "ತಲೆ ಎತ್ತಕ್ಕೆ ಏನಾಗಿತ್ತು ನಿಂಗೆ? ಸತ್ತುಗಿತ್ತೋಗಿದ್ರೆ? ತಲೆಗಿಲೆ ಕೆಟ್ಟಿದ್ಯಾ?" ಎನ್ನುತ್ತಾ ಅಲ್ಲೇ ಕೂತು ಅತ್ತಳು. ಒದ್ದೆ ತಲೆಯನ್ನು ನನ್ನ ತೊಡೆಯ ಮೇಲಿಟ್ಟಳು. ನನಗೆ ಹಲ್ಲು ಹಾಕಿಕೊಳ್ಳಲೂ ಪುರುಸೊತ್ತಿಲ್ಲ, ಬೊಚ್ಚುಬಾಯಲ್ಲೇ ಸಮಾಧಾನ ಮಾಡಿದೆ.

ಮುಂದಿನ ಭಾನುವಾರ ಮೀಸೆಯವರು ಬರುವುದೇ ಅನುಮಾನ ಎಂದರು ಮೇಷ್ಟ್ರು. ಅವರಿಲ್ಲದಿದ್ದರೆ ಇವಳಿಗೆ ಜೋಡಿ ಇಲ್ಲ. ತಡವಾಗಿ ಬಂದರು. ನಮ್ಮನ್ನು ನೋಡಿಯೂ ನೋಡದಂತೆ ಸಿಲಿಂಡರ್ ಕಟ್ಟಿಕೊಂಡರು. ಮೊಮ್ಮಗಳು ಅವರ ಹತ್ತಿರ ಹೋಗಿ ಮೆಲ್ಲಗೆ, "ಅಣ್ಣಾ, ಇವತ್ತು ಮೊದಲು ನಾನು ಕೊಡ್ತೀನಿ," ಎಂದಳು.

ಇಬ್ಬರೂ ಕೆಳಗಿಳಿದರು. ನಾನು ಕೊಳದ ಅಂಚಿನಲ್ಲಿ ಬಗ್ಗಿ ನಿಂತೆ. ಅವಳು ಎರಡು ಉಸಿರೆಳೆದು ಕೊಟ್ಟಳು. ಅವರು ಎಳೆದುಕೊಂಡು ವಾಪಸು ಕೊಟ್ಟರು. ಅವಳ ಕೈ ಆ ಕಡೆ ಈ ಕಡೆ ಹೋಗಲಿಲ್ಲ, ನೇರ ಬಾಯಿಗೆ ಹೋಯಿತು. ತುಟಿ ಮುಚ್ಚಿತು. ಎರಡು ಉಸಿರು, ಮತ್ತೆ ಅವರಿಗೆ. ಅರ್ಧ ದಾರಿಯಲ್ಲಿ ಮೀಸೆಯವರು ತಮ್ಮ ಸರದಿ ಬರುವ ಮೊದಲೇ ಗಾಬರಿಯಾಗಿ ಕೈ ಚಾಚಿದರು. ಅವಳು ಒಂದೇ ಉಸಿರು ಎಳೆದಿದ್ದಳು. ಎರಡನೆಯದನ್ನು ಬಿಟ್ಟು ಅವರಿಗೆ ಕೊಟ್ಟಳು. ಅವರು ಸುಧಾರಿಸಿಕೊಳ್ಳುವ ತನಕ ತಾನು ಸಣ್ಣ ಸಣ್ಣ ಗುಳ್ಳೆ ಬಿಡುತ್ತಾ, ಅವರ ಪಟ್ಟಿ ಹಿಡಿದು ಕಾದಳು.

ಇಬ್ಬರ ತಲೆ ನೀರಿನಿಂದ ಮೇಲೆ ಬಂದಾಗ ಮೇಷ್ಟ್ರು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರು. ಅವರ ಭಾಷೆಯಲ್ಲಿ ಸೊನ್ನೆ ಎಂದರೆ ಸರಿಯಾಯಿತು ಎಂದು.

ಮೀಸೆಯವರು ಅಂಚು ಹಿಡಿದು ಏದುಸಿರು ಬಿಡುತ್ತಿದ್ದರು. "ಹೋದ್ ವಾರ ನೀರು ಕಂಡ್ರೇ ಭಯ ಆಗೋಗಿತ್ತು ತಾಯಿ. ಬಿಟ್ಬಿಡೋಣ ಅಂತಿದ್ದೆ."

"ಈಗ?" ಎಂದಳು ಮೊಮ್ಮಗಳು.

"ಈಗ ಪರವಾಗಿಲ್ಲ. ನೀನು ಕೊಡ್ತೀಯ ಅಂತ ಗೊತ್ತಾಯ್ತಲ್ಲ."

"ಕೊಡ್ತೀನಿ ಅಣ್ಣ. ಆದ್ರೆ ನೀರಿಗಿಳಿಯೋ ದಿನ ಬೆಳಿಗ್ಗೆ ಈರುಳ್ಳಿ ದೋಸೆ ತಿನ್ಬೇಡಿ, ನಿಮ್ಮ ದಮ್ಮಯ್ಯ!"